ಅಲಗಾಡಬ್ಯಾಡ್ರಿ

ಅವನ ನಿಜ ಹೆಸರು ಹೇಳಿಕೊಂಡು ಹೋದರೆ ಕರೋಶಿಯಲ್ಲಿ ಅವನ ಮನೆ ಸಿಗುವುದಿಲ್ಲ. ‘ಅಲಗಾಡಬ್ಯಾಡ್ರಿ ಮನಿ ಯಾವದು?’ ಅಂತ ಕೇಳಬೇಕು. ಓಣಿಯ ಹುಡುಗರು ಬಾಗಿಲತನಕ ಬಂದು ಬಿಟ್ಟುಹೋಗುತ್ತಾರೆ. ಹೋಗುವಾಗ ಉಸಿರು ಬಿಗಿಹಿಡಿದು ಒಂದು ಗಳಿಗೆ ಗಪ್ಪನೆ ನಿಂತು ಅಣಕಿಸಿ ಓಡುತ್ತಾರೆ.

ರಾತ್ರಿ ಹೊತ್ತು ಕೈಯಲ್ಲೇ ಕ್ಯಾಮರಾ ಹಿಡಿದು ಊರು ತಿರುಗುವ ಜಾತಿ ಅವನದು. ದೊಡ್ಡ ಊರುಗಳಲ್ಲಿ ಇವರು ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಮೈಸೂರಿನಲ್ಲಿ ದಸರೆ ಬಂತೆಂದರೆ ಅರಮನೆಯ ದೀಪ ಹತ್ತುವ ಹೊತ್ತಿಗೆ ಇವರದೇ ಒಂದು ಜಾತ್ರೆ. ಗುಂಪಿನಲ್ಲಿ ಒಬ್ಬರ ಕಾಟವನ್ನು ಹತ್ತು ಮಂದಿ ಹಂಚಿಕೊಳ್ಳುತ್ತಾರೆ. ನಮ್ಮ ಕಡೆ ಅವನೊಬ್ಬನೇ ಇರುವುದರಿಂದ ಗುಂಪು ಅಂದರೆ ನಾನು.

ಹೊಟ್ಟೆಪಾಡಿಗೆ ಅವನು ಪಿಗ್ಮಿ ಏಜೆಂಟ. 1928ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈಗಳ ಬ್ಯಾಂಕು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಎತ್ತುವ ಪಿಗ್ಮಿ ಶುರುಮಾಡಿದಾಗ, ಮುಂದೊಂದು ದಿನ ಇದರಿಂದ ಚಿಕ್ಕೋಡಿ ಬಜಾರದಲ್ಲಿ ಇಂಥ ಮನುಷ್ಯನೊಬ್ಬ ಹುಟ್ಟಿಕೊಂಡಾನು ಎಂದು ಯಾರೂ ಎಣಿಸಿರಲಿಕ್ಕಿಲ್ಲ. ಅವನ ಚೀಲದ ಒಂದು ಕಡೆ ರಸೀದಿ ಮಿಷನ್ನು, ಇನ್ನೊಂದು ಕಡೆ ಕ್ಯಾಮರಾ. ಅಂಗಡಿಯವರು ಶಟರ್ ಎಳೆಯುವ ಹೊತ್ತಿಗೆ ವಸೂಲಿ ಮುಗಿಯುತ್ತದೆ, ಅಲ್ಲಿಂದ ಅವನು ಶಟರ್ ಒತ್ತುವುದು ಸುರುವಾಗುತ್ತದೆ. ರೊಕ್ಕ ಕೊಟ್ಟು ಕಳಿಸಿದ ಮನುಷ್ಯ ಅರ್ಧ ತಾಸಿಗೆ ತಿರುಗಿ ಬಾಗಿಲಲ್ಲಿ ನಿಂತರೆ ಕಿರಾಣಿಯವನು ಗಾಬರಿಯಾಗುತ್ತಾನೆ. ‘ಈಗರೆ ಕೊಟ್ಟೇನಲ್ರಿ?’ ಅನ್ನುತ್ತಾನೆ. ‘ರೊಕ್ಕ ಬ್ಯಾಡ್ರಿ, ನೀವು ಹಂಗ ನಿಂದರ್ರಿ. ಅಲಗಾಡಬ್ಯಾಡ್ರಿ’ ಎಂಬ ಉತ್ತರ ಬರುತ್ತದೆ. ದಿನಾ ಮುಖ ನೋಡುವ ಪಿಗ್ಮಿಯವನಿಗೆ ಒಲ್ಲೆ ಅನ್ನಲಾದೀತೆ? ನಿಲ್ಲುತ್ತಾರೆ. ನಿಪ್ಪಾಣಿಗೆ ಹೋದರೆ ಇದೇ ಮಾತು ಮರಾಠಿಯಾಗುತ್ತದೆ: ‘ಹಲೂ ನಕಾ.’ ಅಲ್ಲಿಯ ಜನರೂ ನಿಲ್ಲುತ್ತಾರೆ. ಗಡಿ ತಂಟೆ ಏನೇ ಇರಲಿ, ಅಲಗಾಡದೆ ನಿಲ್ಲುವ ವಿಷಯದಲ್ಲಿ ಎರಡೂ ಭಾಷೆಯವರಲ್ಲಿ ಒಮ್ಮತವಿದೆ.

ಹಗಲಿನಲ್ಲಿ ಅವನು ಕ್ಯಾಮರಾ ಮುಟ್ಟುವುದಿಲ್ಲ. ಕೊಲ್ಹಾಪುರದ ಮಹಾಲಕ್ಷ್ಮಿ ಗುಡಿಯ ಕಿರಣೋತ್ಸವಕ್ಕೆ, ಇಳಿಬಿಸಿಲು ದೇವಿಯ ಪಾದದಿಂದ ಮುಖಕ್ಕೇರುವ ಆ ಸಂಜೆಗೆ, ಹೋಗೋಣವೇ ಎಂದು ಕೇಳಿದ್ದೆ. ‘ಬಿಸಿಲ ಎಲ್ಲಾರಿಗೂ ಸಿಗ್ತೈತಿ ಬಿಡಣ್ಣ’ ಅಂದ. ಬಿಸಿಲನ್ನು ಪುಕ್ಕಟೆ ಸಿಗುವ ರೇಷನ್ ಅಕ್ಕಿಯ ದರ್ಜೆಗೆ ಇಳಿಸಿದ ಧ್ವನಿ ಅದು. ಚಿಂಚಲಿ ಮಾಯಕ್ಕನ ಜಾತ್ರೆಗೂ ಭಂಡಾರ ಹಾರುವ ಹಗಲು ಬಿಟ್ಟು, ಮಂದಿ ದಣಿದು ಚಕ್ಕಡಿಯ ಕೆಳಗೆ ಮಲಗಿದ ಮೇಲೆ ಹೊರಡುತ್ತಾನೆ.

ಸ್ಟ್ಯಾಂಡಿನ ಮೇಲೆ ಕ್ಯಾಮರಾ ಇಟ್ಟುಕೊಂಡಿದ್ದರೆ ಅವನೂ ಸುಖವಾಗಿರುತ್ತಿದ್ದ, ನಾನೂ. ಮೂರು ಕಾಲಿನದೊಂದನ್ನು ಕೊಲ್ಹಾಪುರದಿಂದ ತಂದದ್ದೂ ಆಗಿತ್ತು. ಊರ ಹೊರಗೆ ರಸ್ತೆಯ ದಂಡೆಗೆ ಅದರ ಕಾಲು ಬಿಚ್ಚಿ, ಮೇಲೆ ಕ್ಯಾಮರಾ ಕೂರಿಸಿ, ಒಂದು ಕಣ್ಣು ಮುಚ್ಚಿ ಕಬ್ಬಿನ ಹೊಲದ ಕಡೆ ನೋಡುತ್ತ ನಿಂತವನನ್ನು ಬೈಕಿನ ಮೇಲೆ ಹೋಗುತ್ತಿದ್ದ ಯಾರೋ ಕಂಡರು. ನಮ್ಮ ಕಡೆ ಮೂರು ಕಾಲಿನ ಮೇಲೆ ಏನಾದರೂ ನಿಂತು ಹೊಲಕ್ಕೆ ಮುಖ ಮಾಡಿದರೆ ಅದಕ್ಕೆ ಇರುವುದು ಒಂದೇ ಅರ್ಥ: ಸರ್ವೇ ಬಂತು, ಭೂಮಿ ಹೋಯಿತು. ಬೆಳಗಾಗುವಷ್ಟರಲ್ಲಿ ಬೈಪಾಸು ಮಂಜೂರಾಗಿ, ಅದರ ಅಗಲ ಗೊತ್ತಾಗಿ, ಯಾರ ಬಾವಿ ಹೋಗುತ್ತದೆ ಯಾರದು ಉಳಿಯುತ್ತದೆ ಎಂಬುದೂ ತೀರ್ಮಾನವಾಗಿತ್ತು. ‘ಹಗಲ ಮಾಡಿದ್ರ ಮಂದಿ ಏಳ್ತಾರಂತ ರಾತ್ರ್ಯಾಗ ಅಳದಾರ’ ಎಂದು ಕಟ್ಟೆಯ ಮೇಲಿನವರು ಕಾರಣವನ್ನೂ ಕೂಡಿಸಿದರು. ಪರಿಹಾರ ಹೆಚ್ಚು ಬರಲಿ ಎಂದು ಒಬ್ಬರು ರಾತ್ರೋರಾತ್ರಿ ಬದುವಿನ ಗುಂಟ ಮಾವಿನ ಸಸಿ ಹಚ್ಚಿದರು. ಇವನು ಮನೆಮನೆಗೆ ಹೋಗಿ ಖರೆ ಸಂಗತಿ ಹೇಳಿದ. ಅದು ಇನ್ನೂ ಕೆಟ್ಟಿತು. ‘ಹನ್ನೊಂದ ಹೊಡದ ಮ್ಯಾಲ ಕಬ್ಬಿನ ಫೋಟೋ ಯಾರ ತಗೀತಾರ? ನಮ್ಮವ ಅದೀ ಅಂತ ಕೇಳ್ತೇನಿ, ಎಷ್ಟ ಫೂಟ ಹೊಕ್ಕೈತಿ?’ ಅಂದರು. ಸ್ಟ್ಯಾಂಡು ಅಟ್ಟ ಸೇರಿತು. ಮಾವಿನ ಗಿಡಗಳು ಆಳೆತ್ತರ ಬೆಳೆದಿವೆ, ಬೈಪಾಸಿನ ದಾರಿ ಕಾಯುತ್ತಿವೆ.

ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಒಂದು ಹಳೆಯ ಲೆಕ್ಕವಿದೆ. ಅದನ್ನು ಅವನು ನನಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದಾನೆ. ಲೆನ್ಸು 50 ಮಿಲಿಮೀಟರಿನದಾದರೆ ಶಟರು ಸೆಕೆಂಡಿನ 50ನೇ ಒಂದು ಪಾಲಿಗಿಂತ ಹೆಚ್ಚು ಹೊತ್ತು ತೆರೆದಿರಬಾರದು. ಇದ್ದರೆ ಕೈಯ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಹಗಲಿಗೆ ಅಷ್ಟು ಹೊತ್ತು ಧಾರಾಳವಾಯಿತು. ಚಾದಂಗಡಿಯ ಒಂಟಿ ಬಲ್ಬಿಗೆ ಸಾಲದು. ಆಗ ಬೆಳಕಿಗೆ ಕ್ಯಾಮರಾ ಎಷ್ಟು ಚುರುಕು ಎಂದು ಹೇಳುವ ಐಎಸ್‌ಒ ಎಂಬುದನ್ನು 3200, 6400 ಎಂದು ಏರಿಸುತ್ತ ಹೋಗಬೇಕು, ಇಲ್ಲವೆ ಶಟರನ್ನು ಸೆಕೆಂಡಿನ 15ನೇ ಪಾಲಿಗೆ, ಎಂಟನೇ ಪಾಲಿಗೆ ಇಳಿಸಿ ದೇವರ ಮೇಲೆ ಭಾರ ಹಾಕಬೇಕು. ಐಎಸ್‌ಒ ಏರಿಸಿದರೆ ಕತ್ತಲಿದ್ದಲ್ಲೆಲ್ಲ ಕಾಳುಕಾಳು. ಅಂಥದೊಂದು ಚಿತ್ರ ನೋಡಿ ಅವನ ಹೆಂಡತಿ, ‘ಉಪ್ಪಿಟ್ಟಿನ ರವಾ ಚೆಲ್ಲಿದಂಗ ಆಗೈತಲ್ಲ’ ಎಂದಳಂತೆ. ಅಂದಿನಿಂದ ಅವನು ಐಎಸ್‌ಒ ಬಿಟ್ಟು ದೇವರ ಕಡೆ ವಾಲಿದ. ದೇವರು ಸಿಗದಲ್ಲಿ ನನ್ನ ಕಡೆ.

ವಾಲಿದ ಅಂದರೆ ಅಕ್ಷರಶಃ. ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ, ಅರ್ಧ ಉಸಿರು ಬಿಟ್ಟು, ಬೆನ್ನನ್ನು ಲೈಟಿನ ಕಂಬಕ್ಕೆ ಕೊಟ್ಟು ನಿಂತರೆ ಕೈ ನಡುಗುವುದಿಲ್ಲವಂತೆ. ಕಂಬ ಎಲ್ಲ ಕಡೆ ಇರುವುದಿಲ್ಲ, ನಾನು ಇರುತ್ತೇನೆ. ‘ಅಣ್ಣಾ, ಸ್ವಲ್ಪ ಆ ಕಡೆ ಮುಖ ಮಾಡಿ ನಿಂದ್ರು’ ಅನ್ನುತ್ತಾನೆ. ಹಿಂದಿನಿಂದ ಕ್ಯಾಮರಾ ಬಂದು ಬಲ ಭುಜದ ಮೇಲೆ ಕೂರುತ್ತದೆ. ‘ಉಸರ ಹಿಡಿ’ ಎಂಬ ಆಜ್ಞೆ ಬರುತ್ತದೆ. ಹಿಡಿಯುತ್ತೇನೆ. ಒಂದು ಸಲ ಕಿಲಿಕ್ಕಾದರೆ ಬಿಡಬಹುದು ಎಂದು ಎಣಿಸಿದವರು ಅವನನ್ನು ಅರಿಯರು. ‘ಇನ್ನೊಂದ’ ಅನ್ನುತ್ತಾನೆ. ನಿಪ್ಪಾಣಿಯ ಹಳೆ ಪೇಟೆಯ ಗಲ್ಲಿಯಲ್ಲಿ, ಗಟಾರದ ದಂಡೆಯಲ್ಲಿ, ಸೊಳ್ಳೆಗಳ ರಾಜ್ಯದಲ್ಲಿ, ಮೂಗಿನ ತುದಿಗೆ ಒಂದು ಸೊಳ್ಳೆ ಕೂತಿರುವಾಗ ‘ಇನ್ನೊಂದ’ ಎಂಬ ಮಾತು ಹೇಗೆ ಕೇಳಿಸುತ್ತದೆ ಎಂಬುದನ್ನು ನಾನು ವಿವರಿಸಲಾರೆ. ಹಬ್ಬಕ್ಕೆ ಅಂಗಿ ಹೊಲಿಸಲು ಹೋದಾಗ ದರ್ಜಿ ಟೇಪು ಹಿಡಿದು, ‘ಸಾಹೇಬ್ರ, ಬಲಗಡೆ ಭುಜ ಇಳಿದೈತಿ. ಜೋಳದ ಚೀಲ ಹೊರತೀರೇನು?’ ಎಂದು ಕೇಳಿದ. ಹೌದು ಅಂದೆ. ಇದ್ದದ್ದು ಹೇಳಿ ಮರ್ಯಾದೆ ಕಳೆದುಕೊಳ್ಳುವುದಕ್ಕಿಂತ ಅದೇ ವಾಸಿ.

ಇಷ್ಟರಲ್ಲಿ ಹಾಲಿನ ಪ್ರಕರಣ ಹೇಳದಿದ್ದರೆ ನನ್ನ ಸಿಟ್ಟಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹತ್ತಿರದ ಚಾದಂಗಡಿ. ಚಳಿಗಾಲ. ಕಾರ್ಖಾನೆಗಳ ಹಂಗಾಮು ಸುರುವಾಗಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು; ಒಂದೊಂದರ ಹಿಂದೆ ಎರಡೆರಡು ಟ್ರೇಲರು, ಮುಂದೆ ಕಿವಿ ಕಿತ್ತುಹೋಗುವ ಹಾಡು. ಅಂಗಡಿಯವನು ದೊಡ್ಡ ಬೋಗಾಣಿಯಲ್ಲಿ ಹಾಲು ಕಾಯಿಸುತ್ತಿದ್ದ. ಹಿಂದೆ ಬಲ್ಬು, ಮುಂದೆ ಉಗಿ, ನಡುವೆ ಅವನ ಮೀಸೆ. ನಮ್ಮವನಿಗೆ ಮೈಮೇಲೆ ಬಂತು. ಭುಜ ಕೇಳಿದ, ಕೊಟ್ಟೆ. ‘ಕಾಕಾ, ಅಲಗಾಡಬ್ಯಾಡ್ರಿ’ ಎಂದ. ಅಂಗಡಿಯವನು ಫೋಟೋ ಸ್ಟುಡಿಯೋದಲ್ಲಿ ನಿಂತವರ ಹಾಗೆ ಎದೆ ಉಬ್ಬಿಸಿ ಎರಡೂ ಕೈ ಕೆಳಗೆ ಬಿಟ್ಟು ನಿಂತ. ‘ಹಂಗಲ್ರಿ, ಮದಲ ಹೆಂಗ ಇದ್ರಿ ಹಂಗ’ ಅಂದ ಇವನು. ಅಂಗಡಿಯವನು ಇಕ್ಕಳ ಹಿಡಿದ, ಹಿಡಿದವನು ಹಾಗೇ ನಿಂತ. ಬೆಂಚಿನ ಮೇಲಿದ್ದ ಇಬ್ಬರು ಡ್ರೈವರುಗಳು ತಮಗೂ ಅನ್ವಯಿಸುತ್ತದೇನೋ ಎಂದು ಕಪ್ಪನ್ನು ತುಟಿಗೆ ಹಚ್ಚಿ ನಿಂತರು. ನಾನು ಉಸಿರು ಹಿಡಿದಿದ್ದೆ. ಒಟ್ಟು ಚಿಕ್ಕೋಡಿಯ ಆ ಮೂಲೆಯೇ ಸ್ತಬ್ಧ.

ಅಲಗಾಡುತ್ತಿದ್ದದ್ದು ಹಾಲು ಒಂದೇ. ಬೋಗಾಣಿಯ ಅಂಚಿಗೆ ನೊರೆ ಏರುವುದು ನನಗೆ ಕಾಣುತ್ತಿತ್ತು, ಅಂಗಡಿಯವನಿಗೂ ಕಾಣುತ್ತಿತ್ತು. ಅವನ ಕಣ್ಣುಗುಡ್ಡೆ ಮಾತ್ರ ಹಾಲಿನ ಕಡೆಗೂ ಕ್ಯಾಮರಾದ ಕಡೆಗೂ ಓಡಾಡಿತು. ತುಟಿ ಅಲಗಿಸದೆ, ‘ಸಾಹೇಬ್ರ...’ ಅಂದ. ‘ಇನ್ನೊಂದ’ ಅಂದ ನಮ್ಮವನು. ನಾನು ಹೇಳೋಣವೆಂದರೆ ಉಸಿರು ಒಳಗಿದೆ. ಹಾಲು ಅಂಚು ದಾಟಿ, ನಾಲ್ಕೂ ಕಡೆ ಇಳಿದು, ಗ್ಯಾಸಿನ ಉರಿ ಭುಸ್ ಎಂದು ನಂದಿ, ಬೂದಿ ಬಣ್ಣದ ಹೊಗೆ ಎದ್ದು ಬಲ್ಬನ್ನೂ ಮೀಸೆಯನ್ನೂ ಮುಚ್ಚಿತು. ಆಗ ನನ್ನ ಬೆನ್ನ ಹಿಂದಿನಿಂದ ಒಂದು ಧನ್ಯತೆಯ ನಿಟ್ಟುಸಿರು: ‘ಬಂತು!’

ಹಾಲಿನ ರೊಕ್ಕ ಪಿಗ್ಮಿಯಲ್ಲಿ ಹಿಡಿಯಲು ಬರುವುದಿಲ್ಲ ಎಂದು ಅಂಗಡಿಯವನು ಖಡಾಖಂಡಿತ ಹೇಳಿದ್ದರಿಂದ ನಾನೇ ಕೊಟ್ಟೆ. ಚಿತ್ರ? ಅದನ್ನು ಹೇಳಲು ನನಗೆ ಮನಸ್ಸಿಲ್ಲ. ಆದರೂ ಹೇಳುತ್ತೇನೆ. ಮನುಷ್ಯರೆಲ್ಲ ಕೆತ್ತಿದಷ್ಟು ನಿಚ್ಚಳ, ಹಾಲು ಮಾತ್ರ ಬೆಳ್ಳಗೆ ಹರಿದ ಮಂಜು. ಅಂಗಡಿಯವನ ಮುಖದ ಮೇಲಿನ ಸಂಕಟ ಯಾವ ನಟನಿಗೂ ಬರುವಂಥದ್ದಲ್ಲ. ಈಗ ಅದು ಅದೇ ಅಂಗಡಿಯಲ್ಲಿ ಸಕ್ಕರೆ ಡಬ್ಬಿಯ ಮೇಲುಗಡೆ ತೂಗುತ್ತಿದೆ.

ಚಾ ಕುಡಿಯುವಾಗ ಅವನು ಹೇಳುವ ಕಥೆಗಳು ಕೆಲವಿವೆ. ಸ್ಟ್ಯಾನ್ಲಿ ಕುಬ್ರಿಕ್ ಎಂಬ ನಿರ್ದೇಶಕ 1975ರ ‘ಬ್ಯಾರಿ ಲಿಂಡನ್’ ಸಿನಿಮಾದಲ್ಲಿ, ಜೈಸ್ ಕಂಪನಿಯವರು ನಾಸಾಕ್ಕೆಂದು ಮಾಡಿದ 0.7ರ ಲೆನ್ಸು ಹಾಕಿ, ಬರೀ ಮೇಣಬತ್ತಿ ಬೆಳಕಿನಲ್ಲಿ ದೃಶ್ಯ ತೆಗೆದದ್ದು ಒಂದು. ಈ ಅಂಕಿ ಸಣ್ಣದಾದಷ್ಟೂ ಲೆನ್ಸಿನೊಳಗೆ ಬರುವ ಬೆಳಕು ಹೆಚ್ಚು. ನಮ್ಮವನದು 1.8ರ ಲೆನ್ಸು, ಆ ಎರಡು ಅಂಕಿಗಳ ನಡುವಿನ ದೂರವೇ ಅವನ ಬಾಳಿನ ಕೊರಗು. ಇನ್ನೊಂದು ಬ್ರಾಸಾಯ್ ಎಂಬಾತನದು. 1930ರ ದಶಕದ ಮೊದಲಿಗೆ ಪ್ಯಾರಿಸ್ಸಿನ ರಾತ್ರಿಗಳನ್ನು ಪುಸ್ತಕ ಮಾಡಿದವನು ಅವನು. ಸ್ಟ್ಯಾಂಡಿನ ಮೇಲೆ ಕ್ಯಾಮರಾ ಇಟ್ಟು, ಗಡಿಯಾರ ನೋಡದೆ ಸಿಗರೇಟು ಹಚ್ಚಿ ಹೊತ್ತು ಅಳೆಯುತ್ತಿದ್ದನಂತೆ. ಸ್ವಲ್ಪ ಬೆಳಕಿದ್ದರೆ ಗೊಲ್ವಾಜ್ ಎಂಬ ಸಿಗರೇಟು, ಕತ್ತಲು ಹೆಚ್ಚಿದ್ದರೆ ಅದಕ್ಕಿಂತ ದಪ್ಪದ ಬೊಯಾರ್. ತಂಬಾಕಿನ ಸೀಮೆಯಲ್ಲಿ ಹುಟ್ಟಿಯೂ ಒಂದು ಬೀಡಿ ಸೇದದ ನಮ್ಮವನು ಇದನ್ನು ಭಕ್ತಿಯಿಂದ ಹೇಳಿದಾಗ ಕಟ್ಟೆಯ ಮೇಲಿನ ಅಜ್ಜ ಒಬ್ಬರು ತಲೆ ಆಡಿಸಿ, ‘ಒಂದ ಫೋಟೋಕ್ಕ ಒಂದ ಬೀಡಿ ಅಂದ್ರ, ನಮ್ಮ ಊರ ಕತ್ತಲಿಗೆ ಒಂದ ಕಟ್ಟ ಬೇಕ ತಮ್ಮಾ’ ಎಂದರು.

ಆ ಕತ್ತಲು ಈಗ ಮೊದಲಿನಂತಿಲ್ಲ ಎಂಬುದೂ ಅವನ ದುಃಖಗಳಲ್ಲಿ ಒಂದು. 2015ರಲ್ಲಿ ಕೇಂದ್ರ ಸರ್ಕಾರ ಬೀದಿದೀಪಗಳನ್ನು ಎಲ್‌ಇಡಿ ಮಾಡುವ ಯೋಜನೆ ಹಾಕಿದ ಮೇಲೆ ಊರೂರಲ್ಲಿ ಹಳದಿ ಸೋಡಿಯಂ ದೀಪ ಹೋಗಿ ಬಿಳಿ ಬೆಳಕು ಬಂತು. ಹಳದಿಯಲ್ಲಿ ಎಲ್ಲರೂ ಅರಿಶಿನ ಹಚ್ಚಿದ ಮದುಮಕ್ಕಳಾಗಿದ್ದರಂತೆ, ಬಿಳಿಯಲ್ಲಿ ಎಲ್ಲರೂ ದವಾಖಾನೆಗೆ ಬಂದವರಂತೆ. ಕಂಬಕ್ಕೆ ಒಂದು ಹಳೆಯ ಹಳದಿ ದೀಪ ಉಳಿದಿದ್ದು ಕಂಡರೆ ಪಿಗ್ಮಿ ಬಾಕಿದಾರ ಸಿಕ್ಕಷ್ಟು ಹಿಗ್ಗಿ ಅತ್ತ ಓಡುತ್ತಾನೆ. ನಾಯಿಗಳು ಅವನನ್ನು ಕಂಡು ಬೊಗಳುವುದನ್ನು ಎಂದೋ ಬಿಟ್ಟಿವೆ. ಗಸ್ತಿನ ಪೊಲೀಸರು ಇನ್ನೂ ಬಿಟ್ಟಿಲ್ಲ.

ಅವನ ಅಕ್ಕನ ಮಗ ಪುಣೆಯಿಂದ ಬಂದ ರಾತ್ರಿ ಮಾತ್ರ ನನಗೆ ಅವನ ಮೇಲೆ ಮರುಕ ಬಂತು. 2018ರಲ್ಲಿ ಗೂಗಲ್‌ನವರು ತಮ್ಮ ಪಿಕ್ಸೆಲ್ ಫೋನಿಗೆ ರಾತ್ರಿ ಫೋಟೋದ ‘ನೈಟ್ ಸೈಟ್’ ಕೊಟ್ಟರು, ಮರುವರ್ಷ ಐಫೋನ್ 11ಕ್ಕೂ ನೈಟ್ ಮೋಡ್ ಬಂತು. ಈಗ ಸಣ್ಣ ಬೆಲೆಯ ಫೋನುಗಳಲ್ಲೂ ಇದೆ. ಫೋನು ಒಂದರ ಹಿಂದೊಂದು ಹಲವು ಚಿತ್ರ ಹಿಡಿದು, ಕೈ ಸರಿದಷ್ಟನ್ನು ತಾನೇ ಸರಿಹೊಂದಿಸಿ, ಎಲ್ಲವನ್ನೂ ಕೂಡಿಸಿ ಕಾಳು ತೆಗೆದು ಕೊಡುತ್ತದೆ. ಹುಡುಗ ನಡೆಯುತ್ತ ನಡೆಯುತ್ತ ನಿಂತು, ಯಾರ ಭುಜವನ್ನೂ ಕೇಳದೆ, ಒಂದು ಕೈಯಲ್ಲಿ ವಡಾಪಾವ ಹಿಡಿದು ಇನ್ನೊಂದು ಕೈಯಲ್ಲಿ ಬಜಾರದ ಫೋಟೋ ತೆಗೆದ. ‘ಮಾಮಾ, ನೋಡ್ರಿ’ ಎಂದು ತೋರಿಸಿದ. ಮುಚ್ಚಿದ ಅಂಗಡಿಯ ಬೋರ್ಡಿನ ಅಕ್ಷರ, ಆಚೆ ತಿಪ್ಪೆ, ತಿಪ್ಪೆಯ ಮೇಲೆ ಗುಟಕಾ ಚೀಟಿ, ಚೀಟಿಯ ಬಣ್ಣ, ಎಲ್ಲವೂ ಕಾಣುತ್ತಿತ್ತು. ಆಕಾಶ ನೀಲಿ! ನನ್ನ ಭುಜ ಮನಸ್ಸಿನಲ್ಲೇ ಗೂಗಲ್‌ನವರಿಗೆ ಕೈಮುಗಿಯಿತು.

ನಮ್ಮವನು ಬಹಳ ಹೊತ್ತು ನೋಡಿ ಫೋನು ತಿರುಗಿ ಕೊಟ್ಟ. ‘ಚಲೋ ಐತಿ. ಆದ್ರ ಇದ ರಾತ್ರಿ ಅಲ್ಲ. ರಾತ್ರ್ಯಾಗ ಸ್ವಲ್ಪರೆ ಕಾಣಬಾರದಪಾ’ ಅಂದ. ಹುಡುಗ ನಕ್ಕ, ನಾನೂ ನಕ್ಕೆ. ಮರುದಿನ ಹಾಲಿನ ಫೋಟೋ ನೋಡುವಾಗ, ಅಂಗಡಿಯವನ ಬೆನ್ನ ಹಿಂದೆ ಏನೂ ಕಾಣದ ಆ ಕಪ್ಪನ್ನು ನೋಡುವಾಗ, ನಕ್ಕದ್ದು ಸ್ವಲ್ಪ ಅವಸರವಾಯಿತೇನೋ ಅನ್ನಿಸಿತು.

ಇದಕ್ಕಿಂತ ಗಟ್ಟಿಯಾದ ಒಂದು ಸಂಗತಿಯೂ ಇದೆ. ನಮ್ಮ ಕಡೆ ಹೊಲಕ್ಕೆ ಥ್ರೀ ಫೇಸ್ ಕರೆಂಟು ಬಹಳ ಸಲ ರಾತ್ರಿಯೇ ಬರುತ್ತದೆ. ಬಂದಾಗ ಮೋಟಾರು ಚಾಲೂ ಮಾಡಿ ಕಬ್ಬಿಗೆ ನೀರು ಹಾಯಿಸಬೇಕು. ಬೆಳಗಿಗೆ ಬಾ ಎಂದರೆ ಅದು ಬರುವುದಿಲ್ಲ. ಹಾಗೆ ಒಬ್ಬರು ಹಣೆಗೆ ಬ್ಯಾಟರಿ ಕಟ್ಟಿಕೊಂಡು, ಸಲಿಕೆಯಿಂದ ಒಂದು ಸಾಲಿನ ನೀರನ್ನು ಇನ್ನೊಂದಕ್ಕೆ ತಿರುಗಿಸುತ್ತಿರುವುದನ್ನು ಇವನು ಬದುವಿನ ಮೇಲೆ ನಿಂತು ತೆಗೆದ. ಬೆಳಕೆಂದರೆ ಆ ಬ್ಯಾಟರಿಯದಷ್ಟೇ: ಒಂದು ಮೊಳ ನೀರು, ಸಲಿಕೆಯ ಅಲಗು, ಕೆಸರಿನಲ್ಲಿ ಎರಡು ಪಾದ. ಸುತ್ತ ಆಳೆತ್ತರದ ಕಬ್ಬು ಇದೆ ಎಂಬುದು ಬರೀ ಅಂದಾಜಿಗೆ. ಪ್ರಿಂಟು ಹಾಕಿಸಿ ಅವರ ಮನೆಗೆ ಕೊಡಲು ಹೋದಾಗ ನಾನೂ ಇದ್ದೆ. ಆ ಮನೆಯಾಕೆ ಕೈ ಒರೆಸಿಕೊಂಡು ಬಂದು ಚಿತ್ರ ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಮದುವೆಯಾಗಿ ಬಂದಾಗಿನಿಂದ ರೊಟ್ಟಿ ಕಟ್ಟಿ ಕಳಿಸಿದ್ದಾಳೆ. ರಾತ್ರಿಯ ಹೊಲವನ್ನು ಕಂಡಿಲ್ಲ. ಚಲೋ ಐತಿ ಅನ್ನುತ್ತಾಳೆಂದು ನಾವು ಕಾದೆವು. ಆಕೆ ತಿರುಗಿ ಗಂಡನಿಗೆ, ‘ಇಷ್ಟ ಕಬ್ಬಿನಾಗ ಬರಿಗಾಲಲೆ ಅಡ್ಡಾಡ್ತೀರೇನು? ಹುಳಾ ಹುಪ್ಪಡಿ ಇರಂಗಿಲ್ಲೇನ ಅಲ್ಲಿ?’ ಎಂದು ಕೇಳಿದಳು. ಹುಳ ಅಂದರೆ ಹಾವು. ಸಂಜೆಯ ಮೇಲೆ ನಮ್ಮಲ್ಲಿ ಅದರ ಹೆಸರೆತ್ತುವುದಿಲ್ಲ, ಆಕೆ ಹಗಲಲ್ಲೂ ಎತ್ತಲಿಲ್ಲ. ಆ ಮನುಷ್ಯ ನಮ್ಮಿಬ್ಬರ ಮುಖ ನೋಡಿದ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಮುಂದಿನ ಸಂತೆಗೆ ಮೊಣಕಾಲಿನವರೆಗಿನ ರಬ್ಬರ್ ಬೂಟು ಬಂತು. ನಾಡಿನಲ್ಲಿ ಎಷ್ಟೋ ಪ್ರದರ್ಶನ, ಬಹುಮಾನ ನಡೆಯುತ್ತವೆ. ಒಂದು ಫೋಟೋದಿಂದ ಒಂದು ಜೊತೆ ಬೂಟು ಬಂದದ್ದನ್ನು ನಾನು ಕಂಡಿರುವುದು ಇದೊಂದೇ.

ಇದನ್ನೆಲ್ಲ ಅವನ ಮುಂದೆ ಹೇಳಿದರೆ ಕೆಡುತ್ತಾನೆ. ಹೇಳಿಲ್ಲ. ಆದರೆ ನಡುರಾತ್ರಿ ಮಳೆ ನಿಂತ ಮೇಲೆ ‘ಅಣ್ಣಾ, ರಸ್ತೆ ಒದ್ದಿ ಆಗೈತಿ, ಲೈಟ್ ಎಲ್ಲಾ ಕೆಳಗ ಬಿದ್ದಾವು, ಲಗೂನ ಬಾ’ ಎಂದು ಫೋನು ಬಂದರೆ ಬೈದುಕೊಳ್ಳುತ್ತಲೇ ಚಪ್ಪಲಿ ಹುಡುಕುತ್ತೇನೆ. ಅವನು ಕ್ಯಾಮರಾ ಎತ್ತುವುದಕ್ಕೆ ಮೊದಲೇ ಬಲ ಭುಜ ತಾನಾಗಿ ತಗ್ಗುತ್ತದೆ. ನನ್ನ ಹೆಂಡತಿಗೆ ಇದು ಗೊತ್ತಿದೆ. ‘ಹೋಗ್ರಿ, ನಿಮ್ಮ ಮಾಲಕ ಕರ್ಯಾಕತ್ತಾನ’ ಅನ್ನುತ್ತಾಳೆ.

ಹೋದ ಗಣಪತಿ ಹಬ್ಬಕ್ಕೆ ಓಣಿಯ ಹುಡುಗರು ಪೆಂಡಾಲಿನ ಒಂದು ಬದಿಗೆ ಅವನ ಫೋಟೋಗಳನ್ನು ಸಾಲಾಗಿ ತೂಗುಹಾಕಿದರು. ಆರತಿಗೆ ಬಂದವರು ತಂತಮ್ಮ ಮುಖ ಹುಡುಕಿಕೊಂಡು ನಿಂತರು. ನನ್ನ ಮಗಳು ಎಲ್ಲವನ್ನೂ ನೋಡಿ, ‘ಅಪ್ಪಾ, ದಿನಾ ನೀನ ಹೊಕ್ಕೀಯಲ್ಲ, ನೀ ಎಲ್ಲಿ ಅದೀ?’ ಎಂದು ಕೇಳಿದಳು. ಅದುವರೆಗೆ ನನಗೂ ಹೊಳೆದಿರಲಿಲ್ಲ. ಆದರೆ ನಿಪ್ಪಾಣಿಯ ಗಲ್ಲಿಯದೊಂದು ಚಿತ್ರದ ಎಡ ಮೂಲೆಯಲ್ಲಿ ದುಂಡಗೆ ಕರ್ರಗೆ ಏನೋ ಇತ್ತು. ಹೆಂಡತಿ ಒಂದೇ ನೋಟಕ್ಕೆ ಗುರುತಿಸಿದಳು: ‘ಇದ ನಿಮ್ಮ ಕಿವಿ ಅಲ್ಲೇನ್ರಿ?’ ಕಿವಿಯೇ. ಮೇಲಿನ ಕೂದಲು ಎರಡು ಎದ್ದು ನಿಂತದ್ದೂ ಇತ್ತು. ಅಷ್ಟರಲ್ಲಿ ಚಿಕ್ಕೋಡಿಯ ಕಾಲೇಜಿನ ಹುಡುಗನೊಬ್ಬ ಬಂದು ಅದೇ ಮೂಲೆಗೆ ಬೆರಳು ತೋರಿಸಿ, ‘ಇದೇನ್ರಿ ಕರ್ರಂದು?’ ಎಂದು ವಿಚಾರಿಸಿದ. ನಮ್ಮವನು ಕಣ್ಣು ಮಿಟುಕಿಸದೆ, ‘ಅದು ಫೋರ್‌ಗ್ರೌಂಡ್. ಚಿತ್ರಕ್ಕ ಆಳ ಬರ್ತೈತಿ’ ಎಂದ. ಹುಡುಗ ತಲೆದೂಗಿ ತನ್ನ ಫೋನಿನಲ್ಲಿ ಅದನ್ನು ಇಳಿಸಿಕೊಂಡ.

ಮರುದಿನ ರಾತ್ರಿ ಎಂದಿನಂತೆ ಭುಜ ಕೊಟ್ಟು ನಿಂತೆ. ಕ್ಯಾಮರಾ ಬಂದು ಕೂತಿತು, ಕಿಲಿಕ್ ಆಗಲಿಲ್ಲ. ‘ಅಣ್ಣಾ, ತಲಿ ಸ್ವಲ್ಪ ಬಲಕ್ಕ ತಗೋ’ ಅಂದ.

‘ಯಾಕೋ?’

‘ಕಿವಿ ಪೂರಾ ಬರವಲ್ದು.’